ಫ್ರಿಡ್ಜ್ ಕೆಟ್ಟಿದೆ, ರಿಪೇರಿ ಮಾಡಿಸೋದಾ ಹೊಸದು ತಗೊಳ್ಳೋದಾ?

ಎರಡು ವರ್ಷದ ಹಿಂದೆ ಏಪ್ರಿಲ್‌ನಲ್ಲಿ ಒಂದಿನ ಬೆಳಗ್ಗೆ ಆರೂವರೆಗೇ ಅಮ್ಮನ ಫೋನು, "ದೋಸೆ ಹಿಟ್ಟು ಫ್ರಿಡ್ಜ್ ಒಳಗೇ ಉಕ್ಕಿ ಚೆಲ್ಲಿಬಿಟ್ಟಿದೆ ಕಣೋ, ಹಾಲೂ ಒಡೀತು." ತಿಪಟೂರಲ್ಲಿರೋ ನಮ್ಮನೆ ಫ್ರಿಡ್ಜು 2008ರದ್ದು, ಒಂಟಿ ಬಾಗಿಲಿಂದು, ಬಾಗಿಲಿಗೆ ಬೀಗದ ಕೈ ಕೊಡ್ತಿದ್ದ ಕಾಲದ್ದು. ಒಳಗಿಟ್ಟ ಹಿಟ್ಟು ಉಕ್ಕಿದೆ ಅಂದ್ರೆ ರಾತ್ರಿಯೆಲ್ಲಾ ಅದು ಬರೀ ಬೀರು ಆಗಿ ನಿಂತಿತ್ತು ಅಂತ ಅರ್ಥ. ಕಂಪನಿ ಸರ್ವೀಸಿಂದ ಒಬ್ಬ ಹುಡುಗ ಬಂದ, ಹಿಂದುಗಡೆ ಒಂದ್ಸಲ ಕೈ ಇಟ್ಟು ನೋಡ್ದ, "ಕಂಪ್ರೆಸರ್ ಹೋಗಿದೆ ಆಂಟಿ, ಏಳೂವರೆ ಸಾವಿರ ಆಗತ್ತೆ, ಇಷ್ಟ್ ಹಳೇದಕ್ಕೆ ಯಾಕೆ ದುಡ್ಡು ಹಾಕ್ತೀರಾ, ಎಕ್ಸ್‌ಚೇಂಜ್‌ಗೆ ಕೊಟ್ಟು ಹೊಸದು ತಗೊಳ್ಳಿ" ಅಂದ, ವಿಸಿಟಿಂಗ್ ಚಾರ್ಜ್ ಇಸ್ಕೊಂಡು ಹೋದ. ಐದು ನಿಮಿಷ ಕೂಡ ಇರಲಿಲ್ವಂತೆ. ಅಮ್ಮ ಆಗ್ಲೇ ಪಕ್ಕದ್ಮನೆಯವ್ರ ಹತ್ರ ಯಾವ ಫ್ರಿಡ್ಜ್ ಚೆನ್ನಾಗಿದೆ ಅಂತ ವಿಚಾರಿಸೋಕೆ ಶುರು ಮಾಡಿದ್ಲು.

ಮಾರನೇ ದಿನ ಊರಲ್ಲೇ ಚಿಕ್ಕ ಅಂಗಡಿ ಇಟ್ಕೊಂಡಿರೋ ಹಳೇ ಮೆಕ್ಯಾನಿಕ್ ಒಬ್ರನ್ನ ಕರೆಸಿದ್ವಿ. ಅವ್ರು ಪ್ಲಗ್ ಕಿತ್ತು, ಕಂಪ್ರೆಸರ್ ಪಕ್ಕಕ್ಕೆ ಕಚ್ಕೊಂಡಿರೋ ಬೆಂಕಿಪೊಟ್ಟಣದಷ್ಟು ಕಪ್ಪು ಡಬ್ಬಿ ಬಿಚ್ಚಿ ಅಮ್ಮನ ಕಿವಿ ಹತ್ರ ಅಲ್ಲಾಡಿಸಿದ್ರು, ಒಳಗೆ ಗಲಗಲ ಅಂತಿತ್ತು. ಅದು ಕಂಪ್ರೆಸರ್ ಶುರು ಮಾಡ್ಸೋ ರಿಲೇ, ಒಡೆದುಹೋಗಿತ್ತು. ಸಾಮಾನು, ಕೂಲಿ ಎಲ್ಲಾ ಸೇರಿ 450 ರೂಪಾಯಿ. ಆ ಫ್ರಿಡ್ಜು ಆಮೇಲೆ ಹದಿನಾಲ್ಕು ತಿಂಗಳು ಓಡ್ತು.

ಈ ಕಥೆ ಕೇಳಿ ನಾನು ರಿಪೇರಿ ಪಾರ್ಟಿ ಅನ್ಕೋಬೇಡಿ. ಇದೇ ನಾನು ಬೆಂಗಳೂರಲ್ಲಿ ಒಂದು ವಾಷಿಂಗ್ ಮಷೀನಿಗೆ ಒಂದೂವರೆ ವರ್ಷದಲ್ಲಿ 11 ಸಾವಿರ ಸುರಿದು ಕೊನೆಗೆ ಗುಜರಿಗೆ ಹಾಕಿದೀನಿ. ಎರಡೂ ಕಡೆ ತಪ್ಪಾಗೋದು ಒಂದೇ ಜಾಗದಲ್ಲಿ ಅಂತ ಈಗ ಅನ್ಸತ್ತೆ. ನಾವು "ಎಷ್ಟ್ ವರ್ಷ ಆಯ್ತು" ಅಂತ ಕೇಳ್ತೀವಿ, "ಎಷ್ಟ್ ಆಗತ್ತೆ" ಅಂತ ಕೇಳ್ತೀವಿ, ಆದ್ರೆ ಹೋಗಿರೋದು ಯಾವ ಪಾರ್ಟು ಅಂತ ಹೆಸರು ಹಿಡಿದು ಕೇಳೋದೇ ಇಲ್ಲ. ವಯಸ್ಸು ಎರಡನೇ ಮಾತು. ಪಾರ್ಟ್ ಹೆಸರು ಗೊತ್ತಾಗೋವರೆಗೂ ಶೋರೂಮ್ ಕಡೆ ತಲೆ ಹಾಕ್ಬೇಡಿ, ರಿಪೇರಿಗೂ ಹೂಂ ಅನ್ಬೇಡಿ.

ಸವೆಯೋ ಪಾರ್ಟು, ಜೀವದ ಪಾರ್ಟು

ಯಾವ ಮಷೀನ್ ಆದ್ರೂ ಅದರಲ್ಲಿ ಎರಡು ಥರದ ಪಾರ್ಟ್ ಇರತ್ತೆ. ಒಂದು, ಸವೀಲಿ, ಬದಲಾಯಿಸ್ಲಿ ಅಂತಲೇ ಇಟ್ಟಿರೋದು. ಮಿಕ್ಸಿಯ ಕಾರ್ಬನ್ ಬ್ರಷ್ಷು, ಕಪ್ಲರು, ಗ್ರೈಂಡರ್ ಬೆಲ್ಟು, ಫ್ರಿಡ್ಜ್ ಬಾಗಿಲಿನ ರಬ್ಬರು, ರಿಲೇ, ಥರ್ಮೋಸ್ಟ್ಯಾಟು, ಕೆಪಾಸಿಟರು, ಗೀಸರ್ ಕಾಯ್ಲು, ವಾಷಿಂಗ್ ಮಷೀನ್ ಡ್ರೈನ್ ಪಂಪು, ಇವೆಲ್ಲಾ ಚಪ್ಪಲಿಯ ಉಂಗುಷ್ಟ ಇದ್ದ ಹಾಗೆ, ಕಿತ್ತೋದ್ರೆ ಹೊಲಿಸ್ಕೊಂಡು ಹೋಗ್ತಾ ಇರ್ಬೇಕು. ಮಷೀನಿಗೆ ಹದಿನೈದು ವರ್ಷ ಆಗಿದ್ರೂ ಇವಕ್ಕೆ ದುಡ್ಡು ಹಾಕೋಕೆ ಹಿಂದೆ ಮುಂದೆ ನೋಡ್ಬೇಡಿ. ಇನ್ನೊಂದು ಥರ ಇದೆ, ಅದೇ ಮಷೀನಿನ ಜೀವ. ಗೀಸರ್‌ದು ಟ್ಯಾಂಕು, ಟೀವಿದು ಪ್ಯಾನೆಲ್ಲು, ವಾಷಿಂಗ್ ಮಷೀನಿಂದು ಟಬ್ಬು, ಫ್ರಿಡ್ಜಿಂದು ಕಂಪ್ರೆಸರ್ರೂ ಗೋಡೆಯೊಳಗೆ ಫೋಮಲ್ಲಿ ಹೂತಿರೋ ಪೈಪೂ. ಇದರಲ್ಲಿ ಒಂದು ಹೋದ್ರೆ ಆಗ ವಯಸ್ಸು, ರೇಟು, ಕರೆಂಟ್ ಬಿಲ್ಲು ಎಲ್ಲಾ ಲೆಕ್ಕಕ್ಕೆ ಬರತ್ತೆ.

ಮಧ್ಯದಲ್ಲಿ ಕೂತಿರೋದು ಎಲೆಕ್ಟ್ರಾನಿಕ್ ಬೋರ್ಡು, ಎಲ್ಲರೂ ಪಿಸಿಬಿ ಅಂತಾರಲ್ಲ ಅದು. ಇನ್ವರ್ಟರ್ ಫ್ರಿಡ್ಜು, ಫ್ರಂಟ್ ಲೋಡ್ ಮಷೀನು, ಸ್ಪ್ಲಿಟ್ ಏಸಿ, ಎಲ್ಲದರಲ್ಲೂ ಇದೆ. ಕಂಪನಿಯವ್ರು ರಿಪೇರಿ ಮಾಡಲ್ಲ, ಪೂರ್ತಿ ಬೋರ್ಡೇ ಬದಲಾಯಿಸ್ತಾರೆ, ಅದಕ್ಕೇ ಬಿಲ್ಲು ಐದಾರು ಸಾವಿರದ ಮೇಲೆ ಹೋಗತ್ತೆ. ಆದ್ರೆ ಬೋರ್ಡಲ್ಲಿ ಸುಟ್ಟಿರೋದು ಬಹಳ ಸಲ ಒಂದು ಚಿಕ್ಕ ಕೆಪಾಸಿಟರೋ ರಿಲೇನೋ ಇರತ್ತೆ, ಬೆಂಗಳೂರಲ್ಲಾದ್ರೆ ಎಸ್‌ಪಿ ರೋಡ್ ಸುತ್ತಮುತ್ತ ಅದನ್ನ ಬಿಡಿಸಿ ಬೆಸುಗೆ ಹಾಕಿ ಕೊಡೋರು ಇದಾರೆ, ಬೇರೆ ಊರಲ್ಲೂ ಟೀವಿ ರಿಪೇರಿ ಅಂಗಡಿಯವ್ರು ಮಾಡ್ತಾರೆ. ಬೋರ್ಡ್ ಬಿಚ್ಕೊಂಡು ಹೋಗೋಕೆ ಬಿಡೋ ಮುಂಚೆ ಅದರ ಮೇಲಿರೋ ಸ್ಟಿಕ್ಕರ್ ನಂಬರ್ ಕಾಣೋ ಹಾಗೆ ಫೋಟೋ ತಕ್ಕೊಳ್ಳಿ, ಯಾಕಂದ್ರೆ ವಾಪಸ್ ಬರೋದು ನಿಮ್ ಬೋರ್ಡೇ ಆಗಿರತ್ತೆ ಅಂತ ಏನೂ ಇಲ್ಲ.

ಫ್ರಿಡ್ಜ್ ಜೊತೆ ಹತ್ತು ನಿಮಿಷ

ಮೆಕ್ಯಾನಿಕ್ ಕರೆಸೋ ಮುಂಚೆ ನೀವೇ ನೋಡ್ಬಹುದಾದ್ದು ಬೇಕಾದಷ್ಟಿದೆ, ಅದರಲ್ಲೂ ಫ್ರಿಡ್ಜಲ್ಲಿ. ಮೊದಲು ಪ್ಲಗ್ಗು, ನಗಬೇಡಿ, ನಮ್ಮ ಚಿಕ್ಕಮ್ಮನ ಮನೆಲಿ ಸ್ಟೆಬಿಲೈಸರ್ ಫ್ಯೂಸ್ ಹೋಗಿದ್ದಕ್ಕೆ ಫ್ರಿಡ್ಜೇ ಸತ್ತೋಯ್ತು ಅಂತ ಎರಡು ದಿನ ಅತ್ತಿದ್ರು. ಸ್ಟೆಬಿಲೈಸರ್ ತಪ್ಪಿಸಿ ಬೇರೆ ಪಾಯಿಂಟಿಗೆ ಹಾಕಿ ನೋಡಿ.

ಆಮೇಲೆ ಅಡುಗೆಮನೆ ಬಾಗಿಲು ಹಾಕ್ಕೊಂಡು ಸುಮ್ನೆ ಕಿವಿಗೊಟ್ಟು ಕೇಳಿ. ಕೆಲವು ನಿಮಿಷಕ್ಕೊಂದ್ಸಲ ಗುಂಯ್ ಅಂತ ಶುರುವಾಗೋಕೆ ಹೋಗಿ ಟಕ್ ಅಂತ ನಿಂತ್ರೆ ಕಂಪ್ರೆಸರ್ ಎದ್ದೇಳೋಕೆ ಒದ್ದಾಡ್ತಿದೆ ಅಂತ. ಇದು ರಿಲೇ ಇರಬಹುದು, ಜಾಸ್ತಿ ಬಿಸಿಯಾದ್ರೆ ಕರೆಂಟ್ ಕತ್ತರಿಸೋ ಓವರ್‌ಲೋಡ್ ಸ್ವಿಚ್ ಇರಬಹುದು, ವೋಲ್ಟೇಜ್ ಕಮ್ಮಿ ಇರಬಹುದು, ನಿಜವಾಗ್ಲೂ ಕಂಪ್ರೆಸರ್ರೇ ಜಾಮ್ ಆಗಿರಬಹುದು. ಅಗ್ಗದ್ದರಿಂದ ಶುರು ಮಾಡಿ ಒಂದೊಂದೇ ತಳ್ಳಿ ಹಾಕ್ತಾ ಬರ್ಬೇಕು, ನಮ್ಮ ಅಮ್ಮನ ಮನೆಗೆ ಬಂದ ಹುಡುಗ ಮಾಡಿದ್ದು ಅದರ ಉಲ್ಟಾ. ಒಳಗಿನ ಲೈಟ್ ಉರೀತಿದೆ, ಕಂಪ್ರೆಸರ್ ಸದ್ದೇ ಇಲ್ಲ ಅಂದ್ರೆ ಥರ್ಮೋಸ್ಟ್ಯಾಟ್ ಮೇಲೆ ಮೊದಲ ಅನುಮಾನ.

ಕಂಪ್ರೆಸರ್ ಓಡ್ತಾನೇ ಇದೆ, ನಿಲ್ಲೋದೇ ಇಲ್ಲ, ಆದ್ರೂ ತಣ್ಣಗಾಗ್ತಿಲ್ಲ ಅಂದ್ರೆ ಹಿಂದುಗಡೆ ಕಪ್ಪು ಜಾಲರಿ ಮುಟ್ಟಿ ನೋಡಿ, ಹೊಸಾ ಥರದ ಫ್ರಿಡ್ಜಾದ್ರೆ ಜಾಲರಿ ಕಾಣಲ್ಲ, ಎರಡೂ ಪಕ್ಕದ ತಗಡು ಮುಟ್ಟಿ. ಬೆಚ್ಚಗಿರಬೇಕು. ಒಂದು ಗಂಟೆ ಓಡಿದ ಮೇಲೂ ತಣ್ಣಗೇ ಇದ್ರೆ ಗ್ಯಾಸ್ ಹೋಗಿರೋ ಸಾಧ್ಯತೆನೇ ಜಾಸ್ತಿ. ಪಕ್ಕ ಬೆಚ್ಚಗಿದೆ, ಫ್ರೀಜರಲ್ಲಿ ಐಸೂ ಇದೆ, ಕೆಳಗಡೆ ಮಾತ್ರ ತರಕಾರಿ ಬಾಡ್ತಿದೆ ಅಂದ್ರೆ, ಅದೂ ಡಬಲ್ ಡೋರ್ ಫ್ರಾಸ್ಟ್ ಫ್ರೀ (ಐಸ್ ತಾನೇ ಕರಗಿಸ್ಕೊಳ್ಳೋದು) ಆದ್ರೆ, ಇದೊಂದು ಪರೀಕ್ಷೆ ಮಾಡಿ: ಎಲ್ಲಾ ಖಾಲಿ ಮಾಡಿ, ಪ್ಲಗ್ ಕಿತ್ತು, ಬಾಗಿಲು ತೆಗೆದಿಟ್ಟು, ಕೆಳಗೆ ಹಳೇ ಬಟ್ಟೆ ಹಾಸಿ ಪೂರ್ತಿ ಒಂದು ದಿನ ಬಿಟ್ಬಿಡಿ. ಮತ್ತೆ ಹಾಕಿದಾಗ ನಾಲ್ಕೈದು ದಿನ ಚೆನ್ನಾಗಿ ಓಡಿ ಆಮೇಲೆ ಮತ್ತೆ ಅದೇ ರಾಗ ಆದ್ರೆ ನಿಮ್ಮ ಗ್ಯಾಸು, ಕಂಪ್ರೆಸರ್ ಎರಡೂ ಸರಿಯಾಗಿವೆ. ಒಳಗೆ ಕಟ್ಟೋ ಐಸನ್ನ ಕರಗಿಸೋ ಹೀಟರೋ ಸೆನ್ಸರೋ ಟೈಮರೋ ಕೆಲಸ ಮಾಡ್ತಿಲ್ಲ, ಐಸ್ ಕಟ್ಟಿ ಗಾಳಿ ದಾರಿ ಮುಚ್ಕೊಳ್ತಿದೆ, ಅಷ್ಟೇ. ಇದು ಚಿಕ್ಕ ರಿಪೇರಿ, ಇದಕ್ಕೂ ಗ್ಯಾಸ್ ತುಂಬಿ ಮೂರು ಸಾವಿರ ಇಸ್ಕೊಂಡಿರೋರನ್ನ ನೋಡಿದೀನಿ.

ಬಾಗಿಲಿನ ರಬ್ಬರಿಗೆ ಹತ್ತು ರೂಪಾಯಿ ನೋಟು ಸಾಕು. ನೋಟು ಅರ್ಧ ಒಳಗೆ ಅರ್ಧ ಹೊರಗೆ ಇಟ್ಟು ಬಾಗಿಲು ಹಾಕಿ ಎಳೀರಿ, ಬಿಗಿಯಾಗಿ ಹಿಡ್ಕೊಂಡಿರಬೇಕು, ಸಲೀಸಾಗಿ ಬಂದ್ರೆ ಆ ಜಾಗದಲ್ಲಿ ಗಾಳಿ ಹೋಗ್ತಿದೆ. ಸುತ್ತ ಹತ್ತು ಕಡೆ ನೋಡಿ. ಮೊದಲು ಸೋಪ್ ನೀರಲ್ಲಿ ಒರೆಸಿ, ಕೆಲವು ಸಲ ಸಾರಿನ ಜಿಡ್ಡು ಅಂಟ್ಕೊಂಡೇ ಹಿಂಗಾಗಿರತ್ತೆ.

ಗ್ಯಾಸ್ ಅಂದ್ನಲ್ಲ, ಅದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ಬೇಕು, ಯಾಕಂದ್ರೆ ಜನ ಮೋಸ ಹೋಗೋದು ಇಲ್ಲೇ. ಫ್ರಿಡ್ಜ್ ಗ್ಯಾಸು ಅಡುಗೆ ಸಿಲಿಂಡರ್ ಥರ ಖರ್ಚಾಗಿ ಮುಗಿಯೋದಲ್ಲ, ಮುಚ್ಚಿದ ಪೈಪಲ್ಲಿ ಸುತ್ತುತ್ತಾ ಇರತ್ತೆ, ಕಮ್ಮಿ ಆಗಿದೆ ಅಂದ್ರೆ ಎಲ್ಲೋ ತೂತಿದೆ. ತೂತು ಹುಡುಕದೆ ಗ್ಯಾಸ್ ತುಂಬೋದು ತೂತು ಬಿಂದಿಗೆಗೆ ನೀರು ಹುಯ್ದ ಹಾಗೆ, ಎರಡೋ ಮೂರೋ ತಿಂಗಳು ಓಡಿ ಮತ್ತೆ ನಿಲ್ಲತ್ತೆ. ಅದಕ್ಕೇ ಕೇಳ್ಬೇಕಾದ ಪ್ರಶ್ನೆ "ಗ್ಯಾಸಿಗೆ ಎಷ್ಟು" ಅಂತ ಅಲ್ಲ, "ಲೀಕ್ ಎಲ್ಲಿ, ತೋರ್ಸಿ" ಅಂತ. ಹಿಂದಿನ ಪೈಪಲ್ಲಿ, ಜಾಯಿಂಟಲ್ಲಿ ಇದ್ರೆ ಬೆಸುಗೆ ಹಾಕಿ, ಫಿಲ್ಟರ್ ಬದಲಾಯಿಸಿ, ವ್ಯಾಕ್ಯೂಮ್ ಹಾಕಿ ಒಳಗಿನ ಗಾಳಿಯೆಲ್ಲಾ ಎಳೆದು ಆಮೇಲೆ ಗ್ಯಾಸ್ ತುಂಬ್ಬೇಕು, ಹಂಗೆ ಮಾಡಿದ್ರೆ ವರ್ಷಗಟ್ಲೆ ಬರತ್ತೆ. ಒಂಟಿ ಬಾಗಿಲಿನ ಫ್ರಿಡ್ಜಲ್ಲಿ ಐಸ್ ಕೀಳೋಕೆ ಹೋಗಿ ಚಾಕುವಲ್ಲಿ ಫ್ರೀಜರ್ ತೂತು ಮಾಡಿದೀರಾ, ಅದೂ ಕೈಗೆ ಸಿಗೋ ಜಾಗನೇ, ಮಾಡ್ಬಹುದು. ಆದ್ರೆ ಲೀಕು ಗೋಡೆಯ ಫೋಮ್ ಒಳಗಿದ್ರೆ ಆಟ ಮುಗೀತು ಅಂತಲೇ ಲೆಕ್ಕ. ಇನ್ನೊಂದು, ಹೊಸ ಫ್ರಿಡ್ಜ್‌ಗಳಲ್ಲಿ ಬಹಳಷ್ಟಕ್ಕೆ ಆರ್-600ಎ ಅನ್ನೋ ಗ್ಯಾಸು, ಅದು ಹತ್ತಿ ಉರಿಯೋ ಜಾತಿ. ಕಂಪ್ರೆಸರ್ ಹತ್ರ ಸ್ಟಿಕ್ಕರಲ್ಲಿ ಯಾವ ಗ್ಯಾಸು, ಎಷ್ಟು ಗ್ರಾಂ ಅಂತ ಬರೆದಿರತ್ತೆ. ಅಡುಗೆಮನೆ ಕಿಟಕಿ ಹಾಕ್ಕೊಂಡು, ಸ್ಟೌ ಉರೀತಿರೋವಾಗಲೇ ಬೆಂಕಿ ಹಚ್ಚಿ ಬೆಸುಗೆ ಹಾಕೋಕೆ ಹೊರಡೋ ಪುಣ್ಯಾತ್ಮರಿಗೆ ಕೈ ಮುಗಿದು ಕಳಿಸಿಬಿಡಿ.

ಅಮ್ಮನ ಫ್ರಿಡ್ಜ್‌ಗೂ ಕೊನೆಗೆ ಆಗಿದ್ದು ಗೋಡೆಯೊಳಗಿನ ಲೀಕೇ. ರಿಲೇ ಹಾಕಿಸಿದ ಹದಿನಾಲ್ಕು ತಿಂಗಳಿಗೆ ಮತ್ತೆ ತಣ್ಣಗಾಗ್ಲಿಲ್ಲ, ಅದೇ ಮೆಕ್ಯಾನಿಕ್ ಬಂದು ಒಂದೊಂದು ಕಡೆ ಪೈಪ್ ಬೇರೆ ಮಾಡಿ ಪ್ರೆಶರ್ ಹಾಕಿ ನೋಡಿ, "ಅಮ್ಮಾ, ಲೀಕು ಬಾಡಿ ಒಳಗಿದೆ. ಬಾಡಿ ಒಡೆದು ಬೇರೆ ಪೈಪ್ ಎಳೀಬಹುದು, ಆರೂವರೆ ಸಾವಿರ ಆಗತ್ತೆ, ಆದ್ರೆ ಫೋಮ್ ಕಿತ್ತ ಮೇಲೆ ನಾನು ಗ್ಯಾರಂಟಿ ಕೊಡಲ್ಲ, ನಿಮ್ ದುಡ್ಡು ನಂಗೆ ಬೇಡ" ಅಂದ್ರು. ಅವತ್ತು ಅವ್ರು ತಗೊಂಡಿದ್ದು ಕಾಫಿ ಮತ್ತೆ 200 ರೂಪಾಯಿ. ಇಂಥವ್ರ ನಂಬರ್ ಬೀಗರ ನಂಬರ್‌ಗಿಂತ ಜೋಪಾನವಾಗಿ ಇಟ್ಕೊಳ್ಳಿ.

ಮಿಕ್ಕಿದ್ದು

ಗೀಸರ್ ವಿಷಯದಲ್ಲಿ ತೀರ್ಮಾನ ಸುಲಭ. ನೀರು ಬಿಸಿ ಆಗ್ತಿಲ್ಲ ಅಂದ್ರೆ ಕಾಯ್ಲೋ ಥರ್ಮೋಸ್ಟ್ಯಾಟೋ, ರಿಪೇರಿ ಮಾಡ್ಸಿ. ಸ್ವಿಚ್ ಹಾಕಿದ ತಕ್ಷಣ ಟ್ರಿಪ್ ಆಗ್ತಿದ್ರೆ ಕಾಯ್ಲ್ ಒಡೆದು ನೀರಿಗೆ ಕರೆಂಟ್ ಬಿಡ್ತಿರಬಹುದು, ಆಗ ಮತ್ತೆ ಮತ್ತೆ ಎತ್ತಿ ಹಾಕಿ ಸ್ನಾನಕ್ಕೆ ಹೋಗ್ಬೇಡಿ, ಕಾಯ್ಲ್ ಬದಲಾಯಿಸೋವರೆಗೂ ಒಲೆ ಮೇಲೇ ಕಾಯ್ಸಿ. ತೊಟ್ಟಿಕ್ತಿದೆ ಅಂದ್ರೆ ಎಲ್ಲಿಂದ ಅಂತ ನೋಡಿ. ಪಕ್ಕದಲ್ಲಿರೋ ಸೇಫ್ಟಿ ವಾಲ್ವಿಂದ ನೀರು ಕಾಯೋವಾಗ ನಾಲ್ಕು ಹನಿ ಬಿದ್ರೆ ಅದು ಅದರ ಕೆಲಸ. ಪೈಪ್ ಜಾಯಿಂಟಾದ್ರೆ ಪ್ಲಂಬರ್ ಸಾಕು. ಟ್ಯಾಂಕೇ ತೂತಾಗಿ ಹೊರಗಿನ ಕವಚದ ಕೆಳಗಿಂದ ತುಕ್ಕು ನೀರು ಬರ್ತಿದ್ರೆ ವೆಲ್ಡಿಂಗ್ ಅಂತ ಹೋಗ್ಬೇಡಿ, ಒಂದು ಕಡೆ ಮುಚ್ಚಿದ್ರೆ ಇನ್ನೊಂದು ಕಡೆ ಬಾಯಿ ಬಿಡತ್ತೆ. ಬೋರ್ ನೀರಿನ ಮನೆಗಳಲ್ಲಿ ಟ್ಯಾಂಕ್ ಬೇಗ ಹೋಗೋಕೆ ಕಾರಣ ಒಳಗಿರೋ ಮೆಗ್ನೀಶಿಯಂ ಕಡ್ಡಿ ಸವೆದು ಮುಗಿಯೋದು, ಅದನ್ನ ಆನೋಡ್ ಅಂತಾರೆ, ಟ್ಯಾಂಕಿನ ಬದಲು ತಾನು ಸವೀಲಿ ಅಂತ ಇಟ್ಟಿರೋದು ಅದು. ಅದು ಪೂರ್ತಿ ಕರಗಿದ ಮೇಲೆ ನೀರು ಟ್ಯಾಂಕನ್ನೇ ತಿನ್ನೋಕೆ ಶುರು ಮಾಡತ್ತೆ. ಎರಡು ವರ್ಷಕ್ಕೊಂದ್ಸಲ ಬಿಚ್ಚಿ ನೋಡಿದ್ರೆ ಗೀಸರ್ ಎಷ್ಟೋ ವರ್ಷ ಜಾಸ್ತಿ ಬರತ್ತೆ, ಆದ್ರೆ ಯಾರೂ ಮಾಡಲ್ಲ. ನಾನೂ ಮೊದಲನೇ ಗೀಸರ್ ಹೋಗೋವರೆಗೂ ಮಾಡಿರಲಿಲ್ಲ.

ಟೀವಿ: ಸೌಂಡ್ ಬರತ್ತೆ, ಚಿತ್ರ ಇಲ್ಲ ಅಂದ್ರೆ ರೂಮ್ ಕತ್ಲೆ ಮಾಡಿ ಮೊಬೈಲ್ ಟಾರ್ಚ್ ಪರದೆಗೆ ಹತ್ರ ಹಿಡಿದು ಓರೆಯಾಗಿ ನೋಡಿ. ಮಸುಕಾಗಿ ಚಿತ್ರ ಓಡಾಡ್ತಿರೋದು ಕಂಡ್ರೆ ಹಿಂದಿನ ಎಲ್‌ಇಡಿ ಬೆಳಕಿನ ಪಟ್ಟಿ ಹೋಗಿರೋ ಸಾಧ್ಯತೆನೇ ಜಾಸ್ತಿ, ಅದು ಆಗೋ ರಿಪೇರಿ. ಪರದೆ ಒಡೆದಿದ್ರೆ, ಉದ್ದಕ್ಕೆ ಗೆರೆ ಬಂದಿದ್ರೆ ಪ್ಯಾನೆಲ್ ರೇಟ್ ಕೇಳಿ ನೋಡಿ, ಮುಖಕ್ಕಿಂತ ಮೂಗೇ ಭಾರ ಇರತ್ತೆ.

ಮಿಕ್ಸಿ, ಗ್ರೈಂಡರ್ ಬಿಸಾಕೋ ಮುಂಚೆ ನೂರು ಸಲ ಯೋಚ್ನೆ ಮಾಡಿ. ಮಿಕ್ಸಿ ತಟ್ಟಂತ ನಿಂತ್ರೆ ತಲೆಕೆಳಗು ಮಾಡಿ, ತಳದಲ್ಲಿ ಕೆಂಪು ಗುಂಡಿ ಇರತ್ತೆ, ಅದು ಓವರ್‌ಲೋಡ್ ಸ್ವಿಚ್, ಸ್ವಲ್ಪ ಆರಿದ ಮೇಲೆ ಒತ್ತಿದ್ರೆ ಎದ್ದೇಳತ್ತೆ. ಮೋಟರ್ ತಿರುಗತ್ತೆ ಜಾರ್ ತಿರುಗಲ್ಲ ಅಂದ್ರೆ ಕಪ್ಲರ್. ಒಳಗೆ ಕಿಡಿ ಹಾರತ್ತೆ, ನಿಂತು ನಿಂತು ಓಡತ್ತೆ ಅಂದ್ರೆ ಕಾರ್ಬನ್. ಎರಡೂ ನೂರು ಇನ್ನೂರರ ಮಾತು. ವೈಂಡಿಂಗ್ ಸುಟ್ಟು ವಾಸನೆ ಬಂದಿದ್ರೆ ಮಾತ್ರ ಜಾರ್‌ಗಳು ಹೇಗಿವೆ ನೋಡ್ಕೊಂಡು ನಿರ್ಧಾರ ಮಾಡಿ. ಕಲ್ಲಿನ ಗ್ರೈಂಡರಲ್ಲಂತೂ ಬೆಲ್ಟು, ಕೆಪಾಸಿಟರು, ಬುಶ್ಶು ಬಿಟ್ರೆ ಹೋಗೋಕೆ ಏನಿದೆ, ನಮ್ಮಜ್ಜಿದು ಇನ್ನೂ ತಿರುಗ್ತಿದೆ.

ಇನ್ನು ನನ್ನ ವಾಷಿಂಗ್ ಮಷೀನು. ಎಂಟು ವರ್ಷದ ಫ್ರಂಟ್ ಲೋಡು. ಮೊದಲು ಇಲಿ ಬಂದು ವೈರ್ ಕಡಿದು ಬೋರ್ಡ್ ಸುಟ್ಟಿತು, ರಿಪೇರಿ 3,200. ನಾಲ್ಕು ತಿಂಗಳಿಗೆ ಡ್ರೈನ್ ಪಂಪು, 1,800. ಆಮೇಲೆ ಸ್ಪಿನ್ ಮಾಡೋವಾಗ ವಿಮಾನ ಏರ್ತಿರೋ ಥರ ಸದ್ದು, ಬೇರಿಂಗ್ ಅಂತ 6,000. ಅಷ್ಟೆಲ್ಲಾ ಆದ್ಮೇಲೆ ಆರು ತಿಂಗಳಿಗೆ ಟಬ್ ಹಿಂದಿನ ಲೋಹದ ಮೂರು ಕಾಲಿನ ಹಿಡಿಕೆ, ಬೋರ್ ನೀರು ಸೋಪು ಸೇರಿ ತಿಂದು ಪುಡಿಪುಡಿಯಾಗಿತ್ತು. ಒಂದೊಂದೇ ಸಲ ನೋಡಿದ್ರೆ ಪ್ರತಿ ರಿಪೇರಿನೂ ಸರಿನೇ, "ಹೊಸದಕ್ಕೆ ಮೂವತ್ತು ಸಾವಿರ, ಇದಕ್ಕೆ ಎರಡು ಮೂರು ಸಾವಿರ ತಾನೆ" ಅಂತ. ತಪ್ಪಾಗಿದ್ದು ಬೇರಿಂಗ್ ಹತ್ರ. ಬೇರಿಂಗ್ ಹೋಗಿದೆ ಅಂದ್ರೆ ಟಬ್ ಪೂರ್ತಿ ಬಿಚ್ತಾರೆ, ಆಗ ಆ ಹಿಡಿಕೆ ಕಣ್ಣೆದುರಿಗೇ ಇರತ್ತೆ, ನಾನು ಆಫೀಸ್ ಕಾಲ್‌ನಲ್ಲಿದ್ದೆ, ಹೋಗಿ ನೋಡಲಿಲ್ಲ. ನೀವು ಹಂಗೆ ಮಾಡ್ಬೇಡಿ, ಬಿಚ್ಚಿದಾಗ ಪಕ್ಕದಲ್ಲಿ ನಿಂತು "ಇದರ ಜೊತೆ ಮುಂದೆ ಏನು ಹೋಗತ್ತೆ" ಅಂತ ಕೇಳಿ. ಬಿಚ್ಚೋ ಮುಂಚೆಯೂ ಒಂದು ಕೇಳಿ, ಕೆಲವು ಮಾಡೆಲಲ್ಲಿ ಟಬ್ಬಿನ ಎರಡು ಹೋಳು ಒಂದಕ್ಕೊಂದು ಅಂಟಿಸೇ ಬಂದಿರತ್ತೆ, ಬೇರಿಂಗ್ ಬೇರೆ ಹಾಕೋಕೆ ಬರಲ್ಲ, ಪೂರ್ತಿ ಟಬ್ಬೇ ತರ್ಬೇಕು. ಹಂಗಿದ್ರೆ ಅಲ್ಲೇ ನಿಲ್ಲಿಸಿ.

ಅವತ್ತಿಂದ ನಾನು ಪ್ರತಿ ಮಷೀನ್ ಹಿಂದೆ ಒಂದು ಚೀಟಿ ಅಂಟಿಸಿದೀನಿ. ತಗೊಂಡ ದಿನ, ಯಾವಾಗ ಏನು ಬದಲಾಯಿಸಿದ್ದು, ಎಷ್ಟಾಯ್ತು. ಅಮ್ಮ ಇದನ್ನೆಲ್ಲಾ ಕ್ಯಾಲೆಂಡರ್ ಮೇಲೆ ಬರೀತಿದ್ಲು, ವರ್ಷ ಮುಗಿದ ಮೇಲೆ ಕ್ಯಾಲೆಂಡರ್ ಜೊತೆ ಲೆಕ್ಕವೂ ರದ್ದಿಗೆ. ಎರಡು ವರ್ಷದೊಳಗೆ ಚೀಟಿ ಮೇಲಿನ ಮೊತ್ತ ಹೊಸದರ ಬೆಲೆಯ ಮೂರನೇ ಒಂದು ಭಾಗ ಮುಟ್ಟಿತು ಅಂದ್ರೆ ನಾನಂತೂ ಮುಂದಿನ ರಿಪೇರಿಗೆ ಒಪ್ಪಲ್ಲ. ಇದು ಯಾವ ಶಾಸ್ತ್ರದಲ್ಲೂ ಇಲ್ಲ, ನನ್ನ ಕೈ ಸುಟ್ಕೊಂಡು ಮಾಡ್ಕೊಂಡ ರೂಲು.

ಕರೆಂಟ್ ಲೆಕ್ಕ, ಗೃಹಜ್ಯೋತಿ ಇರೋರಿಗೆ ಬೇರೆ ಲೆಕ್ಕ

"ಹಳೇ ಫ್ರಿಡ್ಜ್ ಕರೆಂಟ್ ತಿನ್ನತ್ತೆ, ಹೊಸ ಫೈವ್ ಸ್ಟಾರ್ ತಗೊಂಡ್ರೆ ಬಿಲ್ಲಲ್ಲೇ ದುಡ್ಡು ವಾಪಸ್" ಅಂತ ಸೇಲ್ಸ್ ಹುಡುಗರು ಹೇಳೋದು ಅರ್ಧ ನಿಜ. ಅಳೆದು ನೋಡಿ. ಮೂರು ದಿನ ಊರಿಗೆ ಹೋಗೋವಾಗ ಫ್ರಿಡ್ಜ್ ಒಂದು ಬಿಟ್ಟು ಬಾಕಿ ಎಲ್ಲಾ ಸ್ವಿಚ್ ಆಫ್ ಮಾಡಿ, ವೈಫೈ ಡಬ್ಬಿನೂ ಸೇರಿ, ಹೊರಡೋ ಹೊತ್ತಿಗೆ ಮೀಟರ್ ಫೋಟೋ, ಬಂದ ತಕ್ಷಣ ಇನ್ನೊಂದು ಫೋಟೋ. ಅಮ್ಮ ಒಂದು ನಾಮಕರಣಕ್ಕೆ ಬೆಂಗಳೂರಿಗೆ ಬಂದಾಗ ಹೀಗೆ ಮಾಡಿಸಿದ್ದೆ, ಮೂರು ದಿನಕ್ಕೆ 4.8 ಯೂನಿಟ್, ಅಂದ್ರೆ ದಿನಕ್ಕೆ 1.6, ವರ್ಷಕ್ಕೆ 584. ಯಾರೂ ಬಾಗಿಲು ತೆಗೆಯದೆ ಇಷ್ಟು. ಅಂಗಡಿಲಿ ಅದೇ ಅಳತೆಯ ಫ್ರಿಡ್ಜಿನ ಲೇಬಲ್ ಮೇಲೆ ವರ್ಷಕ್ಕೆ 180 ಚಿಲ್ಲರೆ ಯೂನಿಟ್ ಅಂತಿತ್ತು. ಲೇಬಲ್ ಲೆಕ್ಕ ಲ್ಯಾಬಿಂದು, ಮನೆಲಿ ಸ್ವಲ್ಪ ಜಾಸ್ತಿನೇ ಆಗತ್ತೆ, ಆದ್ರೂ ವ್ಯತ್ಯಾಸ 400 ಅಂತ ಇಟ್ಕೊಳ್ಳಿ. ಟ್ಯಾಕ್ಸ್ ಸೇರಿ ಯೂನಿಟ್ಟಿಗೆ ಆರೂವರೆ ಅಂದ್ರೆ ವರ್ಷಕ್ಕೆ 2,600 ಉಳಿತಾಯ. ಹೊಸ ಫ್ರಿಡ್ಜ್ 17 ಸಾವಿರ ಅಂದ್ರೆ ಬರೀ ಕರೆಂಟಿಂದ ದುಡ್ಡು ವಾಪಸ್ ಬರೋಕೆ ಆರೂವರೆ ವರ್ಷ. ಚೆನ್ನಾಗಿ ಓಡ್ತಿರೋ ಫ್ರಿಡ್ಜನ್ನ ಇದೊಂದೇ ಕಾರಣಕ್ಕೆ ತೆಗೀಬೇಕಾ, ನಂಗಂತೂ ಅನ್ಸಲ್ಲ. ಆದ್ರೆ ಏಳು ಸಾವಿರದ ರಿಪೇರಿ ಎದುರಿಗಿದ್ರೆ ನೀವು ಜಾಸ್ತಿ ಹಾಕ್ತಿರೋದು ಬರೀ 10 ಸಾವಿರ, ಅದು ನಾಲ್ಕು ವರ್ಷದೊಳಗೆ ಬಂದ್ಬಿಡತ್ತೆ. ಆಗ ಹೊಸದೇ ಸರಿ.

ಕರ್ನಾಟಕದಲ್ಲಿ ಈ ಲೆಕ್ಕವೂ ಉಲ್ಟಾ ಆಗೋ ಜಾಗ ಒಂದಿದೆ. 2023ರಲ್ಲಿ ಬಂದ ಗೃಹಜ್ಯೋತಿಲಿ ನಿಮ್ಮ 2022-23ರ ಸರಾಸರಿ ಬಳಕೆ ಮೇಲೆ ಶೇಕಡಾ 10 ಸೇರಿಸಿ (ಸರಾಸರಿ 48ಕ್ಕಿಂತ ಕಮ್ಮಿ ಇರೋರಿಗೆ 2024ರಿಂದ 10 ಯೂನಿಟ್ ಸೇರಿಸಿ) ಅಷ್ಟು ಯೂನಿಟ್ ಫ್ರೀ, ಅದೂ 200ರ ಒಳಗೆ. ಮಿತಿ ಮೇಲೆ ಸ್ವಲ್ಪ ಹೋದ್ರೆ ಹೆಚ್ಚಿಗೆ ಬಳಸಿದ್ದಕ್ಕೆ ಮಾತ್ರ ಬಿಲ್ಲು, 200 ದಾಟಿದ್ರೆ ಪೂರ್ತಿ ಬಿಲ್ಲು. ಅಮ್ಮನ ಮನೆ ತಿಂಗಳ ಸರಾಸರಿ 78, ಹತ್ತು ಪರ್ಸೆಂಟ್ ಸೇರಿ 85ರ ಮೇಲೆ, ಬಳಸೋದು 80. ಬಿಲ್ ಸೊನ್ನೆ. ಫೈವ್ ಸ್ಟಾರ್ ತಂದ್ರೂ ಬಿಲ್ ಸೊನ್ನೆನೇ, ಸೊನ್ನೆಗಿಂತ ಕೆಳಗೆ ಎಲ್ಲಿಗೆ ಹೋಗತ್ತೆ. ಅದಕ್ಕೇ ಅವಳಿಗೆ ಜಾಸ್ತಿ ಸ್ಟಾರ್‌ಗೆ ನಾಲ್ಕು ಸಾವಿರ ಹೆಚ್ಚು ಕೊಡೋದು ಬೇಡ ಅಂತ ತ್ರೀ ಸ್ಟಾರೇ ತಂದ್ವಿ. ನಮ್ಮ ಭಾವನ ಮನೆಲಿ ಇದಕ್ಕೆ ವಿರುದ್ಧ. ಅವ್ರ ಮಿತಿ 187, ಬಳಕೆ 215ರ ಆಸುಪಾಸು, 200 ದಾಟೋದ್ರಿಂದ ಪ್ರತಿ ತಿಂಗಳೂ 215ಕ್ಕೂ ಪೂರ್ತಿ ದುಡ್ಡು. ಅಂಥದ್ದೇ ಹಳೇ ಫ್ರಿಡ್ಜ್ ತೆಗೆದ ಮೇಲೆ ತಿಂಗಳಿಗೆ ಮೂವತ್ತು ಚಿಲ್ಲರೆ ಯೂನಿಟ್ ಇಳಿದು ಮಿತಿಯೊಳಗೆ ಬಂದ್ರು. ತಿಂಗಳಿಗೆ ಸಾವಿರದ ಮೇಲೆ ಬರ್ತಿದ್ದ ಬಿಲ್ಲೇ ಇಲ್ಲ ಈಗ. ಹೊಸ ಫ್ರಿಡ್ಜಿನ ದುಡ್ಡು ಅವ್ರಿಗೆ ಒಂದೂವರೆ ವರ್ಷದೊಳಗೇ ಹುಟ್ಟತ್ತೆ. ಹಾಗಾಗಿ ನಿಮ್ಮ ಬಿಲ್ ಹಿಂದೆ ಮುಂದೆ ತಿರುಗಿಸಿ ಮಿತಿ ಎಷ್ಟು ಅಂತ ಮೊದಲು ನೋಡ್ಕೊಳ್ಳಿ.

ಸ್ಟಾರ್ ಬಗ್ಗೆ ಒಂದು ಮಾತು, ಹಳೇ ಫ್ರಿಡ್ಜ್ ಮೇಲೂ ಫೈವ್ ಸ್ಟಾರ್ ಇದೆಯಲ್ಲ ಅಂತ ಕೆಲವರು ಹೇಳ್ತಾರೆ. ಅಳತೆಗೋಲು ಆಗಾಗ ಬಿಗಿ ಮಾಡ್ತಾ ಬಂದಿದಾರೆ, ಅಂದಿನ ಐದು ಇಂದಿನ ಐದಕ್ಕೆ ಸಮ ಅಲ್ಲ. ಸ್ಟಾರ್ ಎಣಿಸ್ಬೇಡಿ, ಲೇಬಲ್ ಮೇಲಿರೋ ವರ್ಷದ ಯೂನಿಟ್ ಓದಿ.

ಮೆಕ್ಯಾನಿಕ್ ಜೊತೆ, ಅಂಗಡಿಯವ್ರ ಜೊತೆ

ಕರೆಯೋ ಮುಂಚೆ ವಾರಂಟಿ ಕಾರ್ಡ್ ಹುಡುಕಿ. ಬಹಳ ಕಂಪನಿಗಳು ಕಂಪ್ರೆಸರ್‌ಗೆ, ವಾಷಿಂಗ್ ಮಷೀನ್ ಮೋಟರ್‌ಗೆ 10 ವರ್ಷ ಕೊಟ್ಟಿರ್ತಾರೆ, ನಾವು ಒಂದು ವರ್ಷಕ್ಕೇ ಮರೆತಿರ್ತೀವಿ. ಪಾರ್ಟ್ ಫ್ರೀ ಆದ್ರೂ ಗ್ಯಾಸು, ಕೂಲಿ ಬೇರೆ ಅಂತಾರೆ, ಅದನ್ನ ಮೊದಲೇ ಕೇಳ್ಕೊಳ್ಳಿ. ಕಸ್ಟಮರ್ ಕೇರ್ ನಂಬರ್ ಗೂಗಲ್ ಮಾಡಿ ಮೊದಲು ಬಂದದ್ದಕ್ಕೆ ಫೋನ್ ಹಚ್ಬೇಡಿ, ಅದರಲ್ಲಿ ಕಂಪನಿ ಹೆಸರು ಹಾಕ್ಕೊಂಡಿರೋ ಬೇರೆಯವ್ರೂ ಇರ್ತಾರೆ. ಮಷೀನ್ ಮೇಲಿರೋ ಸ್ಟಿಕ್ಕರ್ ನಂಬರ್ರೇ ನಂಬರ್ರು.

ಬಂದವ್ರ ಹತ್ರ "ಹೊಸದು ತಗೊಳ್ಳೋಣ ಅಂತಿದೀವಿ" ಅಂತ ಬಾಯಿ ಬಿಡ್ಬೇಡಿ. ಪಾರ್ಟ್ ಹೆಸರು ಚೀಟಿಲಿ ಬರೆಸ್ಕೊಳ್ಳಿ, ಮೀಟರ್ ಇಟ್ಟು ತೋರ್ಸಿ ಅನ್ನಿ, ಪಾರ್ಟ್‌ಗೆ ಎಷ್ಟು ಕೂಲಿಗೆ ಎಷ್ಟು ಅಂತ ಬೇರೆ ಬೇರೆ ಹೇಳ್ಸಿ, ತೆಗೆದ ಹಳೇ ಪಾರ್ಟ್ ನಿಮಗೇ ಕೊಟ್ಟು ಹೋಗೋಕೆ ಹೇಳಿ. ಮೂರು ಸಾವಿರದ ಮೇಲಿನ ರಿಪೇರಿಗೆ ಇನ್ನೊಬ್ರನ್ನ ಕರೆಸಿ ಕೇಳೋದು ಅವಮಾನ ಏನಲ್ಲ, 300 ರೂಪಾಯಿ ವಿಸಿಟಿಂಗ್ ಹೋಗತ್ತೆ ಅಷ್ಟೇ. ಸ್ಪೇರ್ ಬರಲ್ಲ ಅಂತ ಕಂಪನಿಯವ್ರು ಕೈ ಎತ್ತಿದ್ರೆ, ಅದರಲ್ಲೂ ಮಷೀನ್ ನಾಲ್ಕೈದು ವರ್ಷದ್ದೇ ಆಗಿದ್ರೆ, ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿ, ಕನ್ನಡದಲ್ಲೇ ಮಾತಾಡಬಹುದು.

ಮುಖ್ಯವಾಗಿ ಆತುರದಲ್ಲಿ ತೀರ್ಮಾನ ಮಾಡ್ಬೇಡಿ. ಫ್ರಿಡ್ಜ್ ಕೆಡೋದು ಏಪ್ರಿಲ್ ಮೇನಲ್ಲೇ, ಅವತ್ತು ಸಂಜೆನೇ ಇಎಂಐ ಹಾಕಿಸ್ಕೊಂಡು ಮನೆಗೆ ಬೇಕಾದ್ದಕ್ಕಿಂತ ನೂರು ಲೀಟರ್ ದೊಡ್ಡದು ತಂದು ಕೂರಿಸೋರೇ ಜಾಸ್ತಿ. ಮೂರು ದಿನ ಹಾಲು ಅವತ್ತವತ್ತಿಗೆ ತನ್ನಿ, ಎರಡು ಸಲ ಕಾಯ್ಸಿ, ಪಾತ್ರೆನ ನೀರು ತುಂಬಿದ ತಟ್ಟೆಲಿಟ್ಟು ಮೇಲೆ ಒದ್ದೆ ಬಟ್ಟೆ ಮುಚ್ಚಿ, ನಮ್ಮಜ್ಜಿ ಇಡೀ ಸಂಸಾರ ಹಂಗೇ ಮಾಡಿದ್ದು.

ತಗೊಳ್ಳೋದೇ ಅಂತಾದ್ರೆ ಎಕ್ಸ್‌ಚೇಂಜ್ ವಿಷಯ ಕೊನೆಗೆ ತೆಗೀರಿ, ಮೊದಲು ಹೊಸದರ ರೇಟ್ ಚೌಕಾಸಿ ಮುಗಿಸಿ. ಇಲ್ಲಾಂದ್ರೆ ಎರಡು ಸಾವಿರ ಹಳೇದಕ್ಕೆ ಕೊಟ್ಟ ಹಾಗೆ ಮಾಡಿ ಅದನ್ನೇ ಹೊಸದರ ಮೇಲೆ ಹೇರಿರ್ತಾರೆ. ಫ್ರಿಡ್ಜನ್ನ ಆಟೋಲಿ ಮಲಗಿಸ್ಕೊಂಡು ತಂದಿದ್ರೆ ನೆಟ್ಟಗೆ ನಿಲ್ಲಿಸಿ ನಾಲ್ಕೈದು ಗಂಟೆ ಬಿಟ್ಟು ಆಮೇಲೆ ಕರೆಂಟ್ ಕೊಡಿ.

ಅಮ್ಮ ಹಳೇದನ್ನ ಎಕ್ಸ್‌ಚೇಂಜ್‌ಗೆ ಕೊಡಲೇ ಇಲ್ಲ. "ಹೆಗ್ಗಣ ಬರಲ್ಲ, ಇರುವೆ ಬರಲ್ಲ" ಅಂತ ಅಟ್ಟದ ಪಕ್ಕದ ಕೋಣೆಲಿ ನಿಲ್ಲಿಸಿ ಅಕ್ಕಿ, ಬೇಳೆ, ಉಪ್ಪಿನಕಾಯಿ ಜಾಡಿ ತುಂಬಿಸಿದಾಳೆ. ನೀವೂ ಹಂಗೆ ಇಟ್ಕೊಳ್ಳೋದಾದ್ರೆ ಬಾಗಿಲಿನ ಬೀಗದ ಕೊಂಡಿ ಮೊದಲು ಕಿತ್ತು ಹಾಕಿ, ಮಕ್ಕಳು ಕಣ್ಣಾಮುಚ್ಚಾಲೆ ಆಡ್ತಾ ಒಳಗೆ ಕೂತ್ರೆ ಉಸಿರಾಡೋಕೆ ಗಾಳಿ ಇರಲ್ಲ. ರಬ್ಬರ್‌ನೂ ಕೀಳಿ ಅಂದೆ, ಅದಕ್ಕೆ ಮಾತ್ರ ಅಮ್ಮ ಒಪ್ತಿಲ್ಲ, ಇರುವೆ ನುಗ್ಗತ್ತಂತೆ. ದಸರಾ ರಜಕ್ಕೆ ಮೊಮ್ಮಕ್ಕಳು ಬರೋದ್ರೊಳಗೆ ನಾನೇ ಹೋಗಿ ಬಾಗಿಲಿಗೆ ನಾಲ್ಕು ತೂತು ಕೊರೆದು ಸೊಳ್ಳೆ ಜಾಲರಿ ಅಂಟಿಸಿ ಬರ್ಬೇಕು.